ಎಡಗಡೆಯ ಪಾತ್ರೆ

ನಗದೆ ಇದ್ದಿದ್ದರೆ ಸ್ವಲ್ಪವಾದರೂ ಮಾನ ಉಳಿಯುತ್ತಿತ್ತೇನೋ. ಆದರೆ ಅವನು ನಕ್ಕಿದ್ದ. ಅದೂ ಎಂಥ ನಗು! ಅಡುಗೆ ಕ್ಲಾಸಿನ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಎಲ್ಲರಿಗಿಂತ ಜೋರಾಗಿ, ತೊಡೆ ತಟ್ಟಿಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. ಹೊಸದಾಗಿ ಮದುವೆಯಾದ ಹೆಂಡತಿ ಮಾಡಿದ ಸಾರನ್ನು ನೆಂಟರಿಷ್ಟರ ಎದುರೇ ಉಗಿದ ಒಬ್ಬ ಗಂಡನ ಕಥೆ ಅದು. ಹೇಳಿದವನು ಬಂದರಿನಲ್ಲಿ ಕ್ರೇನ್ ನಡೆಸುವ ಒಬ್ಬ ದಢೂತಿ ಆಸಾಮಿ. ಕಥೆ ಮುಗಿದು ನಗು ಇನ್ನೂ ಬಾಯಲ್ಲಿರುವಾಗಲೇ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಒಂದು ಕಾಲನ್ನು ಚೂರು ಎಳೆದು ಹಾಕುವ ಸದ್ದು. ಇದನ್ನೆಲ್ಲೋ ಕೇಳಿದ್ದೇನಲ್ಲ ಎಂದು ಅನ್ನಿಸಿತೇ ಹೊರತು, ಅದು ದಿನವೂ ತನ್ನ ಮನೆಯ ಅಡುಗೆಮನೆಯಿಂದ ಊಟದ ಮೇಜಿನವರೆಗೆ ಬರುವ ಸದ್ದು ಎಂದು ಹೊಳೆಯಲಿಲ್ಲ. "ಅಕ್ಕ ಬಂದ್ರು, ಅಕ್ಕ ಬಂದ್ರು" ಎಂದು ಎಲ್ಲರೂ ದಡಬಡಿಸಿ ಎದ್ದರು. ಟೀಚರಮ್ಮನಿಗೆ ಮರ್ಯಾದೆ ಕೊಡಬೇಕಲ್ಲ ಎಂದು ಅವನೂ ಎದ್ದು, ಕನ್ನಡಕ ಹಾಕಿಕೊಂಡು, ತಿರುಗಿ ನೋಡಿದ. ಬಂದವಳು ಅವನ ಹೆಂಡತಿ.

ಕೈಯಲ್ಲಿ ಈರುಳ್ಳಿಯ ಚೀಲವಿತ್ತು. ಮೇಲಿನ ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತಳು. ಅವಳ ಮುಖದಲ್ಲಿ ಏನಾದರೂ ಕಾಣುತ್ತದೆ ಎಂದು ಅವನು ಕಾದ. ಗಾಬರಿ, ಸಿಟ್ಟು, ಕೊನೆಗೆ ಸಿಕ್ಕಿಬಿದ್ದೆನಲ್ಲ ಎಂಬ ನಾಚಿಕೆ, ಯಾವುದೂ ಇರಲಿಲ್ಲ. ಬಾಗಿಲ ಮುಂದೆ ಯಾರೋ ಇಟ್ಟುಹೋದ ಗ್ಯಾಸ್ ಸಿಲಿಂಡರನ್ನು ನೋಡುವಂತೆ ಅವನನ್ನು ನೋಡಿ, "ಹೊಸಬರಾ?" ಎಂದಳು. ಅವನು ತಲೆಯಾಡಿಸಿದ. ಹೌದು ಎಂದನೋ ಇಲ್ಲ ಎಂದನೋ ಅವನಿಗೇ ತಿಳಿಯಲಿಲ್ಲ. "ಕೈ ತೊಳ್ಕೊಂಡು ಬನ್ನಿ. ಹೊಸಬರು ಕೊನೇ ಒಲೆ ಹತ್ರ ನಿಂತ್ಕೋಬೇಕು" ಎಂದು ಸೊಂಟದಿಂದ ಬೀಗದ ಕೈ ತೆಗೆದಳು. ಆ ಬೀಗದ ಕೈಯನ್ನು ಅವನು ಮನೆಯಲ್ಲಿ ಎಷ್ಟೋ ಸಲ ನೋಡಿದ್ದ. ಯಾವುದೋ ಹಳೆಯ ಪೆಟ್ಟಿಗೆಯದಿರಬೇಕು ಎಂದುಕೊಂಡಿದ್ದ.

ಒಂದು ಕಾಲದಲ್ಲಿ ಅದು ಮಂಜುಗಡ್ಡೆಯ ಕಾರ್ಖಾನೆ. ಗಡ್ಡೆ ಎತ್ತುತ್ತಿದ್ದ ಕೊಕ್ಕೆಗಳು ಈಗಲೂ ಮಾಡಿನಿಂದ ತೂಗುತ್ತಿದ್ದವು. ಅವುಗಳಿಗೆ ಸೌಟು, ಜರಡಿ, ಬಾಣಲೆ ಸಿಕ್ಕಿಸಿದ್ದರು. ಗೋಡೆಯುದ್ದಕ್ಕೂ ಒಲೆಗಳ ಸಾಲು, ನಡುವೆ ತಗಡು ಹೊದಿಸಿದ ಮೇಜು, ಮೂಲೆಯಲ್ಲಿ ಕೈ ತೊಳೆಯುವ ತೊಟ್ಟಿ. ಅವಳು ಮೊದಲು ಮಾಡಿದ ಕೆಲಸ ಕಿಟಕಿಗಳನ್ನು ತೆರೆದದ್ದು. ಒಂದೊಂದನ್ನೂ ಅಂಗೈಯಿಂದ ಗುದ್ದಿ ತೆರೆಯುತ್ತ ಹೋದಳು, ಬಂದರಿನ ಗಾಳಿ ನುಗ್ಗಿ ಸೌಟುಗಳು ಒಂದಕ್ಕೊಂದು ಬಡಿದುಕೊಂಡವು. ಕೊನೆಯ ಒಲೆಯ ಹತ್ತಿರ ನಿಂತು ಅವನು ಒಂದೊಂದು ಕಿಟಕಿಯನ್ನೂ ದಿಟ್ಟಿಸಿದ. ಅವನು ಸಂಜೆ ಕೆಲಸದಿಂದ ಬರುವಾಗ ಮನೆಯ ಕಿಟಕಿಗಳೂ ಹೀಗೇ ಹಾರುಹೊಡೆದಿರುತ್ತಿದ್ದವು. ಎಂಥ ಗಾಳಿಯಿರಲಿ, ಎಂಥ ಚಳಿಯಿರಲಿ. "ಉಪ್ಪುಗಾಳಿಗೆ ಕೀಲೆಲ್ಲ ತುಕ್ಕು ಹಿಡೀತಿದೆ, ಮುಚ್ಚೋಕೇನು ಕೈ ನೋವಾ?" ಎಂದು ಅವನು ಗೊಣಗುತ್ತಿದ್ದ. ಅವಳು ಎದ್ದು ಮುಚ್ಚುತ್ತಿದ್ದಳು. ಮಧ್ಯಾಹ್ನದ ಯಾವ ಘಮವನ್ನು ಅವಳು ಆ ಕಿಟಕಿಗಳಿಂದ ದಿನವೂ ಆಚೆ ಕಳಿಸುತ್ತಿದ್ದಳು? ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅವನಿಗೆ ಆ ಪ್ರಶ್ನೆ ಬರಬೇಕಿತ್ತು. ಮೂಗಿನಿಂದಲೇ ಹೊಟ್ಟೆ ಹೊರೆದವನು ಅವನು.

ಅವನು ಚಹಾ ರುಚಿ ನೋಡುವವನಾಗಿದ್ದ. ಬಂದರಿನ ಹಿಂದಿನ ಗೋದಾಮಿನಲ್ಲಿ, ಉತ್ತರದ ಬೆಳಕು ಬೀಳುವ ಕೋಣೆಯಲ್ಲಿ, ಉದ್ದನೆಯ ಮೇಜಿನ ಮೇಲೆ ಬಿಳಿಯ ಬಟ್ಟಲುಗಳ ಸಾಲು. ಚಮಚದಿಂದ ಎತ್ತಿ, ಸುರ್‍ರೆಂದು ಗಾಳಿಯ ಜೊತೆ ಒಳಗೆಳೆದು, ನಾಲಗೆಯ ಮೇಲೊಮ್ಮೆ ಹೊರಳಿಸಿ, ಎಡಕ್ಕೆ ತಿರುಗಿ ಪೀಕದಾನಿಗೆ ಉಗಿದು, ಒಂದು ಮಾತು ಹೇಳುವುದು: ಚುರುಕು. ಮಂಕು. ಹೊಗೆ. ಮೈಯಿಲ್ಲ. ಗುಮಾಸ್ತ ಬರೆದುಕೊಳ್ಳುವಷ್ಟರಲ್ಲಿ ಅವನು ಮುಂದಿನ ಬಟ್ಟಲಲ್ಲಿರುತ್ತಿದ್ದ. ನುಂಗಿದರೆ ಕೆಲಸ ಕೆಟ್ಟಿತು. ನುಂಗಿದವನ ನಾಲಗೆ ಮಧ್ಯಾಹ್ನದ ಹೊತ್ತಿಗೆ ಸೋಲುತ್ತದೆ. ಅವನ ನಾಲಗೆ ಯಾವತ್ತೂ ಸೋತಿರಲಿಲ್ಲ. ಆ ನಾಲಗೆ ಇತ್ತೀಚೆಗೆ ನಿವೃತ್ತಿಯಾಗಿ, ಹಾರ ಹಾಕಿಸಿಕೊಂಡು, ಮನೆಗೆ ಬಂದು ಕೂತಿತ್ತು. ಬಂದು ಕೂತ ಮೇಲೆ ಅದಕ್ಕೆ ತಿಳಿದ ಮೊದಲ ಸಂಗತಿಯೆಂದರೆ ಹೆಂಡತಿಗೆ ಅಡುಗೆ ಬರುವುದಿಲ್ಲ ಎನ್ನುವುದು. ಕೆಟ್ಟದ್ದೆಂದಲ್ಲ. ಕೆಟ್ಟದ್ದಾಗಿದ್ದರೆ ಹೇಳಲು ಒಂದು ಮಾತಾದರೂ ಸಿಗುತ್ತಿತ್ತು. ಬೆಂದಿರುತ್ತಿತ್ತು, ಉಪ್ಪು ಇರುತ್ತಿತ್ತು, ಬಿಸಿಯಾಗಿರುತ್ತಿತ್ತು. ತಿಂದೆದ್ದ ಮೇಲೆ ಏನು ತಿಂದೆ ಎಂದು ಕೇಳಿದರೆ ಯೋಚಿಸಬೇಕಾಗುತ್ತಿತ್ತು. ಪಾಪ, ಕಲಿಸುವವರಿರಲಿಲ್ಲವೇನೋ ಎಂದು ಅವನಿಗೆ ಕನಿಕರ ಬಂತು. ಒಳ್ಳೆಯ ಅಡುಗೆ ಕ್ಲಾಸು ಹುಡುಕಿ ಅವಳನ್ನು ಸೇರಿಸುತ್ತೇನೆ, ಅವಳಿಗೂ ಹೊತ್ತು ಹೋಗುತ್ತದೆ, ತನಗೂ ಇನ್ನುಳಿದ ಆಯುಷ್ಯದಲ್ಲಿ ಬಾಯಿಗೆ ರುಚಿಯಾಗಿ ಏನಾದರೂ ಸಿಗುತ್ತದೆ. ಈ ಯೋಚನೆ ಬಂದ ದಿನ ಅವನಿಗೆ ತನ್ನ ಮೇಲೆಯೇ ಬಹಳ ಅಭಿಮಾನ ಉಂಟಾಗಿತ್ತು.

ಮಗಳಿಗೆ ಫೋನ್ ಮಾಡಿ ಹೇಳಿದ್ದ. ಲೈನ್ ಕಟ್ಟಾಯಿತೆಂದು ಅವನು ಹಲೋ ಹಲೋ ಎಂದ. "ಅಪ್ಪಾ, ಅದೆಲ್ಲ ಬೇಡ ಬಿಡಿ" ಎಂದಳು ಕೊನೆಗೆ. "ಯಾಕಮ್ಮ?" "ಸುಮ್ನೆ ಬಿಡೀಪ್ಪಾ. ಅಮ್ಮಂಗೆ ಅದೆಲ್ಲ ಯಾಕೆ?" ಆ ಧ್ವನಿಯಲ್ಲಿ ನಗುವಿತ್ತೋ ಅಳುವಿತ್ತೋ. ಚಿಕ್ಕಂದಿನಲ್ಲಿ ಅವಳು ರಜೆಯ ದಿನ, ಅಂದರೆ ಅಪ್ಪ ಮನೆಯಲ್ಲಿರುವ ದಿನ, ಊಟಕ್ಕೆ ಕೂತು ತಟ್ಟೆ ತಳ್ಳುತ್ತಿದ್ದಳು. "ಇದು ಬೇಡ, ನಿನ್ನೇದು ಕೊಡು" ಎಂದು ಅಮ್ಮನ ಕಡೆ ನೋಡುತ್ತಿದ್ದಳು. ಹಟಮಾರಿ ಎಂದು ಅವನು ಗದರುತ್ತಿದ್ದ. ನಿನ್ನೆಯದು! ಈರುಳ್ಳಿ ಹೆಚ್ಚುತ್ತಿದ್ದ ಅವನ ಕೈ ನಿಂತೇಹೋಯಿತು.

"ಕೊನೇಲಿರೋರು ಕೈ ನಿಲ್ಲಿಸ್ಬೇಡಿ" ಎಂದಳು ಅವಳು, ಇತ್ತ ತಿರುಗದೆ. ಆ ಧ್ವನಿ ಅವನಿಗೆ ಪರಿಚಯವಿರಲಿಲ್ಲ. ಮನೆಯಲ್ಲಿ ಅವಳ ಮಾತು ಅನ್ನ ಬಡಿಸಲಾ, ಫ್ಯಾನ್ ಹಾಕಲಾ ಎಂಬಷ್ಟರೊಳಗೆ ಮುಗಿಯುತ್ತಿತ್ತು. ಇಲ್ಲಿ ಅವಳು ಗಾಳಿಗೆ, ಒಲೆಗಳ ಭೋರಿಗೆ, ದೂರದ ಹಡಗಿನ ಕೂಗಿಗೆಲ್ಲ ಜಗ್ಗದೆ ಮಾತಾಡುತ್ತಿದ್ದಳು, ತಮಾಷೆ ಮಾಡುತ್ತಿದ್ದಳು, ಬೈಯುತ್ತಿದ್ದಳು. "ಈರುಳ್ಳೀನ ನೋಡ್ಬೇಡಿ, ಕೇಳಿಸ್ಕೊಳ್ಳಿ. ಮೊದ್ಲು ಕೂಗುತ್ತೆ, ಆಮೇಲೆ ಗೊಣಗುತ್ತೆ, ಆಮೇಲೆ ಸುಮ್ನಾಗುತ್ತೆ. ಸುಮ್ನಾದಾಗ ನೀರು ಹಾಕಿ. ಅದಕ್ಕೆ ಮುಂಚೆ ಹಾಕಿದ್ರೋ, ಕೆಟ್ಟಿತು." ಕ್ರೇನಿನವನ ಬಾಣಲೆಗೆ ಇಣುಕಿ, "ಅಯ್ಯೋ ನಿನ್ನ, ಇದೇನು ಹಡಗಿನ ಸರಕಾ ಹಿಂಗೆ ಎತ್ತಿ ಒಗೆಯೋಕೆ!" ಎಂದಳು. ಎಲ್ಲರೂ ನಕ್ಕರು. ಆಸ್ಪತ್ರೆಯ ನರ್ಸೊಬ್ಬಳು ಅವಳ ಹೆಗಲಿಗೆ ಹೆಗಲು ತಾಗಿಸಿ ನಿಂತು, ಸಲಿಗೆಯಿಂದ ಅವಳ ಕೈಯ ಸೌಟನ್ನೇ ಕಸಿದುಕೊಂಡಳು. ಹೆಂಡತಿಯನ್ನು ಅಷ್ಟು ಹತ್ತಿರದಿಂದ ಯಾರಾದರೂ ಮುಟ್ಟಿದ್ದನ್ನು ಅವನು ನೋಡಿರಲಿಲ್ಲ. ಅವಳು ಉಪ್ಪನ್ನು ನೋಡದೆ ಹಾಕುತ್ತಿದ್ದಳು, ಮೂರು ಬೆರಳಿನಿಂದ, ಬೇರೆ ಯಾರಿಗೋ ಉತ್ತರ ಕೊಡುತ್ತ. ಮಧ್ಯಾಹ್ನ ತಂಗಿಯ ಮನೆಗೆ ಹೋಗಿಬರುತ್ತೇನೆ ಎನ್ನುತ್ತಿದ್ದಳು. ಯಾವತ್ತಿನಿಂದ? ಅವನಿಗೆ ಲೆಕ್ಕ ಸಿಗಲಿಲ್ಲ. ಇಷ್ಟು ಕಾಲ ಅವಳು ನೋಡಿಬರುತ್ತಿದ್ದ ಆ ತಂಗಿಯ ಕ್ಷೇಮವನ್ನು ಅವನು ಒಂದು ದಿನವೂ ವಿಚಾರಿಸಿರಲಿಲ್ಲ. ವಿಚಾರಿಸಿದ್ದರೆ ಅವಳು ಸುಳ್ಳು ಹೇಳಬೇಕಾಗುತ್ತಿತ್ತು, ಅಷ್ಟು ತೊಂದರೆಯನ್ನೂ ಅವನು ಕೊಡಲಿಲ್ಲ.

ಎಷ್ಟು ಕ್ಲಾಸು ಸುತ್ತಿದ್ದ ಅವನು, ಇಲ್ಲಿಗೆ ಬರುವ ಮುಂಚೆ! ಸಮುದ್ರದ ಕಡೆ ಮುಖ ಮಾಡಿದ ದೊಡ್ಡ ಹೋಟೆಲಿನಲ್ಲಿ ಎತ್ತರದ ಬಿಳಿ ಟೋಪಿಯವನೊಬ್ಬ ಪೊಟ್ಟಣ ಕತ್ತರಿಸಿ ಸುರಿಯುವುದನ್ನೇ ಕಲಿಸುತ್ತಿದ್ದ. ಮತ್ತೊಂದು ಕಡೆ ಎಲ್ಲವನ್ನೂ ತಕ್ಕಡಿಯಲ್ಲಿ ತೂಗುತ್ತಿದ್ದರು, ತಿನ್ನುವುದಕ್ಕೆ ಮುಂಚೆ ಫೋಟೋ ತೆಗೆಯುತ್ತಿದ್ದರು. ಎಲ್ಲೆಡೆಯೂ ಅವನು ಒಂದು ಚಮಚ ಕೇಳಿ ಪಡೆದು, ಎಳೆದು, ಹೊರಳಿಸಿ, ಕರವಸ್ತ್ರಕ್ಕೆ ಉಗಿದು, ಮೈಯಿಲ್ಲ ಎಂದು ತಲೆಯಾಡಿಸಿ ಹೊರಟುಬಂದಿದ್ದ. ಕೊನೆಗೆ ಕ್ಷೌರಿಕ ಹೇಳಿದ್ದು, ಅವನ ಗದ್ದಕ್ಕೆ ನೊರೆ ಹಚ್ಚುತ್ತ: "ಕಲಿಸೋದಿದ್ರೆ ನುಂಗಕ್ಕನ ಹತ್ರ ಕಳಿಸಿ ಸಾರ್. ಹಳೇ ಐಸ್ ಫ್ಯಾಕ್ಟ್ರಿ ಮೇಲೆ."

"ನುಂಗಕ್ಕ? ಇದೆಂಥ ಹೆಸರಯ್ಯ?"

"ಜನ ಇಟ್ಟಿದ್ದು. ಹೋಗಿ, ಗೊತ್ತಾಗುತ್ತೆ. ನನ್ನ ಹೆಂಡ್ತಿ ಅಲ್ಲೇ ಕಲ್ತಿದ್ದು. ಈಗ ನೋಡಿ" ಎಂದು ಹೊಟ್ಟೆ ಸವರಿಕೊಂಡು ತೋರಿಸಿದ್ದ.

ಬಂದು ಬೆಂಚಿನ ಮೇಲೆ ಕೂತಾಗ ಅವನೇ ಕೇಳಿದ್ದ, ಯಾಕೆ ಆ ಹೆಸರು ಎಂದು. ಕ್ರೇನಿನವನಿಗೆ ಅಷ್ಟೇ ಸಾಕಾಗಿತ್ತು. "ನಮ್ಮಕ್ಕನ ಕ್ಲಾಸಲ್ಲಿ ಒಂದೇ ರೂಲ್ಸು ಸಾರ್. ಬಾಯಿಗಿಟ್ಟಿದ್ದನ್ನ ಉಗಿಯೋ ಹಾಗಿಲ್ಲ. ಸೀದಿರ್ಲಿ, ಉಪ್ಪಾಗಿರ್ಲಿ, ನುಂಗ್ಬೇಕು. ಯಾಕೆ ಅಂದ್ರೆ ಅಕ್ಕ ಒಂದು ಕಥೆ ಹೇಳ್ತಾರೆ. ಒಬ್ಳು ಹುಡುಗಿ ಇದ್ಲಂತೆ. ಅಡುಗೆ ಅಂದ್ರೆ ಪ್ರಾಣ. ಮದುವೆಯಾದ ಹೊಸತು, ಗಂಡನ ಮನೆಯೋರೆಲ್ಲ ಊಟಕ್ಕೆ ಕೂತಿದಾರೆ. ಬೆಳಗ್ಗಿಂದ ಒದ್ದಾಡಿ ಈರುಳ್ಳಿ ಸಾರು ಮಾಡಿದಾಳೆ. ಮೊದ್ಲು ಗಂಡಂಗೆ ಬಡಿಸಿ, ಪಾತ್ರೆ ಹಿಡ್ಕೊಂಡು ಪಕ್ಕದಲ್ಲೇ ನಿಂತ್ಳು, ಏನಂತಾನೋ ಅಂತ. ಗಂಡ ಚಮಚ ಎತ್ತಿದ." ಇಲ್ಲಿ ಕ್ರೇನಿನವನು ತುಟಿ ಮುಂದೆ ಮಾಡಿ ಸುರ್‍ರ್ ಎಂದು ಎಳೆದ. ಎಳೆತ ಸರಿಯಾಗಿದೆ, ಗಾಳಿಯ ಹದ ಚೆನ್ನಾಗಿ ಬಂದಿದೆ ಎಂದು ಅವನು ಕಸುಬುದಾರನ ಮೆಚ್ಚಿಗೆಯಿಂದ ನೋಡಿದ್ದ! "ಬಾಯಲ್ಲಿ ಗಿರಗಿರ ಅಂತ ತಿರುಗಿಸ್ದ. ಆಮೇಲೆ ಪಕ್ಕಕ್ಕೆ ತಿರುಗಿ, ಅವಳು ಹಿಡ್ಕೊಂಡಿದ್ದ ಪಾತ್ರೆ ಒಳಗೇ ಉಗಿದ್ಬಿಟ್ಟ! ಸಾರಿನ ಪಾತ್ರೆಗೇ ಸಾರ್!" ಆಗಲೇ ಅವನು ನಕ್ಕದ್ದು. ನಕ್ಕು, ಕಣ್ಣೊರೆಸಿಕೊಂಡು, "ಎಂಥ ಪ್ರಾಣಿ ಇರ್ಬೇಕು ರೀ ಅವ್ನು! ಅಂಥೋನಿಗೆ ಆಮೇಲೆ ಯಾರಾದ್ರೂ ಅಡುಗೆ ಮಾಡಿ ಹಾಕ್ತಾರಾ?" ಎಂದು ಕೇಳಿದ್ದ. "ಅದನ್ನೇ ನಾವೂ ಕೇಳಿದ್ವಿ ಅಕ್ಕನ್ನ. ದಿನಾ ಹಾಕ್ತಾಳಂತೆ. ಬೇಯಿಸಿ ಹಾಕ್ತಾಳಂತೆ. ಅಡುಗೆ ಮಾತ್ರ ಮಾಡಲ್ವಂತೆ." ಆಮೇಲೆ ಕ್ರೇನಿನವನು, "ನೀವು ಯಾಕೆ ಬಂದ್ರಿ ಸಾರ್? ಕಲಿಯೋಕಾ?" ಎಂದಿದ್ದ. "ಇಲ್ಲಪ್ಪ, ನನ್ ಹೆಂಡ್ತಿನ ಸೇರಿಸ್ಬೇಕಿತ್ತು. ಪಾಪ, ಅವಳಿಗೆ ಅಡುಗೆ ಬರಲ್ಲ." ಅದನ್ನು ಹೇಳಿದ್ದು ಇದೇ ಬಾಯಿ.

ಆ ದಿನವನ್ನು ನೆನಪಿಸಿಕೊಳ್ಳಲು ಅವನು ಎಷ್ಟು ತಿಣುಕಿದರೂ ಆಗಲಿಲ್ಲ, ಇದೇ ಎಲ್ಲಕ್ಕಿಂತ ಭಯವಾಗುವಂಥದ್ದು. ಮಾಡಿದ್ದನ್ನು ಮರೆತವನಿಗೆ ಪಶ್ಚಾತ್ತಾಪ ಪಡಲೂ ಒಂದು ಹಿಡಿ ಬೇಕಲ್ಲ. ಊಟದ ಮೇಜು ನೆನಪಿದೆ, ದೊಡ್ಡಪ್ಪನ ನಗು ನೆನಪಿದೆ. ಮೇಜು ಗುದ್ದಿ ನಕ್ಕಿದ್ದ ದೊಡ್ಡಪ್ಪ. "ನೋಡ್ರೋ, ಇವ್ನು ಕೆಲಸ ಮನೇವರೆಗೂ ತಂದವ್ನೆ!" ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ, ಹೆಮ್ಮೆಯಿಂದ; ಆಗ ತಾನೇ ದೊಡ್ಡ ಮೇಜಿಗೆ ಬಡ್ತಿಯಾಗಿತ್ತು. ಆ ನಗುವಿನ ಬೆಚ್ಚನೆಯ ನೆನಪನ್ನು ಅವನು ಇಷ್ಟು ಕಾಲ ಜೋಪಾನ ಮಾಡಿಕೊಂಡಿದ್ದ, ನಮ್ಮ ಮದುವೆಯ ಹೊಸತರಲ್ಲಿ ಮನೆಯಲ್ಲಿ ಎಷ್ಟು ನಗುವಿತ್ತು ಎಂದು ಆಗಾಗ ಅವಳಿಗೇ ಹೇಳಿದ್ದೂ ಉಂಟು. ಎಡಗಡೆ ಏನಿತ್ತು? ಎಡಗಡೆ ಪೀಕದಾನಿ ಇರುತ್ತದೆ. ಯಾವಾಗಲೂ ಎಡಗಡೆಯೇ ಇರುತ್ತದೆ. ಅದಕ್ಕೆ ಕಣ್ಣು ಮೂಗು ಇತ್ತೇ ಎಂದು ಈಗ ನೆನಪಿಸಿಕೊಳ್ಳುವುದು ಹೇಗೆ? ಅವಳು ಆಗ ಉಟ್ಟಿದ್ದ ಬಣ್ಣ ಯಾವುದು, ಪಾತ್ರೆಯನ್ನು ಏನು ಮಾಡಿದಳು, ಅವಳು ಅವತ್ತು ಊಟ ಮಾಡಿದಳೇ? ಉಳಿದವರಿಗೆ ಬಡಿಸಿದ್ದು ಏನನ್ನು?

ಅವನ ಬಾಣಲೆಯ ಈರುಳ್ಳಿ ಕೂಗಿ, ಗೊಣಗಿ, ಯಾವಾಗಲೋ ಸುಮ್ಮನಾಗಿ ಕಪ್ಪಾಗಿತ್ತು. ಅವಳು ಹಾದುಹೋಗುತ್ತ ಒಲೆಯ ಕಿವಿ ತಿರುಗಿಸಿ ಆರಿಸಿದಳು. ಅವಳ ಸೆರಗು ಅವನ ಮೊಣಕೈಗೆ ತಾಗಿತು. "ಪರವಾಗಿಲ್ಲ, ಮೊದಲ್ನೇ ದಿನ ಎಲ್ಲರದ್ದೂ ಸೀಯುತ್ತೆ" ಎಂದಳು, ಎಲ್ಲ ಹೊಸಬರಿಗೂ ಹೇಳುವ ಹಾಗೆ. ಅವನಿಗೆ ಹೆದರಿಕೆಯಾಯಿತು. ಎಲ್ಲರೆದುರು ತನ್ನನ್ನು ಎತ್ತಿ ತೋರಿಸಿ, ಇವನೇ ನೋಡಿ ಆ ಗಂಡ, ಎಂದುಬಿಟ್ಟಿದ್ದರೆ ಅವನು ಸಿಟ್ಟು ಮಾಡಬಹುದಿತ್ತು, ಬಾಗಿಲು ಬಡಿದು ಹೋಗಬಹುದಿತ್ತು. ಅವಳು ಅವನ ಮಾನ ಕಾಯುತ್ತಿದ್ದಳು. ಇಷ್ಟು ವರ್ಷವೂ ಕಾದದ್ದು ಹೀಗೇ ಇರಬೇಕು, ಒಬ್ಬಳು ಹುಡುಗಿ ಇದ್ದಳಂತೆ ಎಂದು, ಹೆಸರು ಹೇಳದೆ, ಕಸುಬು ಹೇಳದೆ. ನಾನು ಕೇಳಬೇಕಾದದ್ದು ಕ್ಷಮೆಯೋ, ಸಾರೋ ಎಂದು ಅವನಿಗೇ ಗೊಂದಲವಾಯಿತು. ಯಾಕೆಂದರೆ ಆ ಹೊತ್ತಿಗೆ ಅವಳು ಮಾಡಿದ ಸಾರು ಕುದಿಯತೊಡಗಿತ್ತು, ಎಷ್ಟು ಕಿಟಕಿ ತೆರೆದಿದ್ದರೂ ಆ ಘಮ ಕೊನೆಯ ಒಲೆಯವರೆಗೂ ಬಂದು, ನಾಚಿಕೆಗೆಟ್ಟ ಅವನ ಬಾಯಲ್ಲಿ ನೀರೂರಿತು.

ಕ್ಲಾಸು ಮುಗಿಯುವ ಮುಂಚೆ ಅಕ್ಕನ ಕೈಯದನ್ನು ಎಲ್ಲರೂ ಒಂದು ಬಟ್ಟಲು ಕುಡಿಯುವುದು ಅಲ್ಲಿನ ರೂಢಿ. ಎಲ್ಲರೂ ಬಟ್ಟಲು ಹಿಡಿದು ಮೇಜಿನ ಸುತ್ತ ನಿಂತರು. ಅವಳು ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು ಒಬ್ಬೊಬ್ಬರಿಗೂ ಹಾಕುತ್ತ, ಒಬ್ಬೊಬ್ಬರನ್ನೂ "ಹೇಗಿದೆ?" ಎಂದು ಕೇಳುತ್ತ ಬಂದಳು. ಮನೆಯಲ್ಲಿ ಅವಳು ಆ ಪ್ರಶ್ನೆ ಕೇಳಿದ್ದೇ ಇಲ್ಲ. ಯಾಕೆ ಕೇಳುವುದಿಲ್ಲ ಎಂದು ಅವನು ಕೇಳಿದ್ದೂ ಇಲ್ಲ. ನರ್ಸು ಕಣ್ಣು ಮುಚ್ಚಿ ತಲೆದೂಗಿದಳು. ಕ್ರೇನಿನವನು "ಅಕ್ಕ, ಸತ್ತೇಹೋದೆ" ಎಂದ. ನುಂಗಬೇಕು, ಬಂದ ತಕ್ಷಣ ನುಂಗಿಬಿಡಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ. ಅಷ್ಟು ಮಾಡಿದರೆ ಏನೋ ಒಂದು ತಿದ್ದಿಕೊಂಡೀತು ಎಂಬ ಆಸೆ. ಅವಳು ಬಂದು ಅವನ ಬಟ್ಟಲಿಗೆ ಒಂದು ಸೌಟು ಹಾಕಿದಳು. ಹಾಕಿ, ಪಾತ್ರೆ ಹಿಡಿದುಕೊಂಡು, ಅವನ ಎಡಗಡೆ ನಿಂತಳು.

ಅವನು ಚಮಚ ಎತ್ತಿದ. ಮಾಮೂಲಿ ಮನುಷ್ಯನ ಹಾಗೆ ಕುಡಿಯಬೇಕೆಂದೇ ಇದ್ದ. ಆದರೆ ಅವನ ತುಟಿಗೆ ಚಮಚ ಗೊತ್ತಿದ್ದದ್ದು ಒಂದೇ ರೀತಿ. ಸುರ್‍ರ್ ಎಂಬ ಸದ್ದು ಆ ಮಂಜುಗಡ್ಡೆಯ ಕಾರ್ಖಾನೆಯ ಗೋಡೆಗಳಿಗೆಲ್ಲ ಬಡಿದು ತಿರುಗಿ ಬಂತು.

ಎಲ್ಲರ ಚಮಚಗಳೂ ನಿಂತವು. ಆ ಸದ್ದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅಕ್ಕನಿಂದ ಕೇಳಿದ್ದರು, ಕಲಿತಿದ್ದರು, ಮನೆಗೆ ಹೋಗಿ ಮಾಡಿ ತೋರಿಸಿ ನಗಿಸಿದ್ದರು. ಕ್ರೇನಿನವನು ಮೊದಲು ಅವನನ್ನು ನೋಡಿದ, ಆಮೇಲೆ ಅಕ್ಕನನ್ನು ನೋಡಿದ, ಆಮೇಲೆ ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಯಾರೂ ನಗಲಿಲ್ಲ. ಅವನ ಬಾಯಲ್ಲಿ ಸಾರು ಹೊರಳುತ್ತಿತ್ತು. ನಾಲಗೆ ಹುಡುಕುತ್ತಿತ್ತು: ಚುರುಕು, ಮಂಕು, ಹೊಗೆ. ಒಂದೂ ಕೂಡಲಿಲ್ಲ. ಇಂಥದ್ದು ಆ ನಾಲಗೆಗೆ ತಾಗಿದ್ದೇ ಇಲ್ಲವೆಂದಲ್ಲ, ಒಂದು ಸಲ ತಾಗಿತ್ತು, ಆಗ ಅದು ಕೆಲಸದಲ್ಲಿತ್ತು. ಕುತ್ತಿಗೆ ತಾನಾಗಿ ಎಡಕ್ಕೆ ತಿರುಗಿತು.

ಎಡಗಡೆ ಪಾತ್ರೆ ಇತ್ತು. ಅದನ್ನು ಹಿಡಿದಿದ್ದ ಕೈಗಳಿದ್ದವು, ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಕಲೆ, ಆ ಕೈಗಳಾಚೆ ಒಂದು ಮುಖವೂ ಇತ್ತು. ಅವಳು ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಕಾಯುತ್ತಿದ್ದಳು, ಅಷ್ಟೇ. ಉಗಿದರೂ ಅವಳಿಗೆ ಅದು ಹೊಸತಾಗುತ್ತಿರಲಿಲ್ಲ.

ಅವನು ನುಂಗಿದ. ಸಾರು ಬಿಸಿಯಾಗಿ ಎದೆಯೊಳಗೆ ಇಳಿಯುತ್ತ ಹೋಯಿತು, ಅದು ಇಳಿದ ದಾರಿಯಷ್ಟೂ ಅವನಿಗೆ ತಿಳಿಯಿತು. ಈಗ ಕೇಳುತ್ತಾಳೆ ಎಂದು ನೋಡಿದ. ಹೇಗಿದೆ ಎಂದು ಕೇಳಿದರೆ ಏನು ಹೇಳುವುದೆಂದು ಗೊತ್ತಿರಲಿಲ್ಲ, ಆದರೂ ಕೇಳಲಿ ಎಂದು ಅವನ ಜೀವವೆಲ್ಲ ಬಾಯಿಗೆ ಬಂದಿತ್ತು. ಅವಳು ಕೇಳದೆ ಅವನನ್ನು ದಾಟಿ, ಪಕ್ಕದಲ್ಲಿದ್ದ ಹುಡುಗಿಗೆ ಬಡಿಸಿ, "ಹೇಗಿದೆ?" ಎಂದಳು. ಹುಡುಗಿ ಕೆಳಗೆ ನೋಡುತ್ತ, "ಚೆನ್ನಾಗಿದೆ ಅಕ್ಕ" ಎಂದಳು, ಸತ್ತವರ ಮನೆಯಲ್ಲಿ ಮಾತಾಡುವಷ್ಟು ಸಣ್ಣ ದನಿಯಲ್ಲಿ.

ಅವನು ಚಮಚ ಬಿಟ್ಟು ಬಟ್ಟಲನ್ನೇ ಬಾಯಿಗೆತ್ತಿ, ತಳದವರೆಗೂ ಕುಡಿದ. ನಾಲಗೆ ಸುಟ್ಟಿತು. ಸುಡಲಿ ಎಂದುಕೊಂಡ. ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ಆ ಮಾತನ್ನು ಅವನು ಬಾಳಿನಲ್ಲಿ ಮೊದಲ ಸಲ ಆಡುತ್ತಿದ್ದ, ಅದಕ್ಕೇ ಇರಬೇಕು ಅದು ಸರಿಯಾಗಿ ಹೊರಡಲಿಲ್ಲ.

"ಇನ್ನೊಂಚೂರು" ಎಂದ.

ಅವಳು ಪಾತ್ರೆಯೊಳಗೆ ನೋಡಿದಳು. ಅವನಿಗೂ ಅದು ಕಾಣುತ್ತಿತ್ತು, ಅರ್ಧದಷ್ಟು ಇನ್ನೂ ಇತ್ತು, ಮೇಲೆ ಆವಿಯಾಡುತ್ತಿತ್ತು. ಅವಳು ಮುಚ್ಚಳ ತೆಗೆದುಕೊಂಡು ಮುಚ್ಚಿದಳು. ಮನೆಯಲ್ಲಿ ಮಾತಾಡುವ ಆ ಮೆಲುದನಿ ಈಗ ಮೊದಲ ಸಲ ಅಲ್ಲಿ ಕೇಳಿಸಿತು.

"ನಿಮ್ದು ಮನೇಲಿ ಮಾಡಿಟ್ಟಿದೀನಿ ರೀ."